ಹುಟ್ಟಬೇಕಾಗಿದ್ದ ದಿನ

ನನ್ನ ತಂಗಿಯ ಗಂಡ ಚರಿತ್ರೆಯ ಮೇಷ್ಟ್ರು. ಊಟಕ್ಕೆ ಕೂತರೂ ತಟ್ಟೆ ಯಾವ ಕಾಲದ್ದೆಂದು ತಿರುಗಿಸಿ ನೋಡುವ ಪೈಕಿ. ಮನೆಯಲ್ಲಿ, ಚರ್ಚಿನಲ್ಲಿ, ತರಕಾರಿ ಅಂಗಡಿಯಲ್ಲಿ, ಎಲ್ಲ ಕಡೆ ಅವರಿಗೆ ಮೇಷ್ಟ್ರು ಎಂದೇ ಹೆಸರು. ನಾನೂ ಹಾಗೇ ಕರೆಯುತ್ತೇನೆ. ಆ ವರ್ಷ ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ ಚರ್ಚಿನ ಹಾಲ್‌ನಲ್ಲಿ ನಾಲ್ಕು ಮಾತಾಡಿ ಎಂದು ಫಾದರ್ ಅವರನ್ನು ಕೇಳಿಕೊಂಡರು. ಬೇರೆಯವರಾಗಿದ್ದರೆ ಶಾಂತಿ, ಸಹಬಾಳ್ವೆ ಎಂದೇನೋ ಹೇಳಿ ಚಹಾ ಕುಡಿದು ಬರುತ್ತಿದ್ದರು. ಇವರು ಆರಿಸಿಕೊಂಡ ವಿಷಯ, ಯೇಸು ಹುಟ್ಟಿದ್ದು ನಿಜಕ್ಕೂ ಡಿಸೆಂಬರ್ ಇಪ್ಪತ್ತೈದಕ್ಕೋ ಎಂಬುದು.

ನಾನಿರುವುದು ಅದೇ ಕಟ್ಟಡದ ಮೇಲಿನ ಮನೆಯಲ್ಲಿ. ಸಂಜೆ ಕೆಳಗಿಳಿದು ಬಂದರೆ ತಂಗಿಯ ಅಡುಗೆಮನೆಯೇ ನನ್ನ ಅಡುಗೆಮನೆ. ಹಾಗಾಗಿ ಭಾಷಣದ ಅಭ್ಯಾಸ ನಡೆದದ್ದು ನನ್ನ ಮುಂದೆಯೇ. ನಾನು ಬಟಾಣಿ ಸುಲಿಯುತ್ತಿದ್ದೆ. ತಂಗಿ ಪಕ್ಕದ ಕೋಣೆಯಲ್ಲಿ ಕಿಟಕಿಯ ಬಳಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಕಡ್ಡಿಗಳ ಟಕಟಕ ಸದ್ದು ಇಲ್ಲಿಗೂ ಕೇಳುತ್ತಿತ್ತು.

"ಅಕ್ಕ, ಕೇಳಿ. ಅವತ್ತು ರಾತ್ರಿ ಕುರುಬರು ಬಯಲಲ್ಲಿ ಕುರಿ ಕಾಯ್ತಿದ್ರು ಅಂತ ಬರೆದಿದೆ. ಡಿಸೆಂಬರ್ ಚಳೀಲಿ ಯಾರು ಕಾಯ್ತಾರೆ?"

"ಹೊಟ್ಟೆಪಾಡು ಮೇಷ್ಟ್ರೇ. ಚಳಿ ಅಂತ ನಂಗೆ ನೈಟ್ ಡ್ಯೂಟಿಗೆ ಯಾರಾದ್ರೂ ರಜ ಕೊಡ್ತಾರಾ?"

ಮೇಷ್ಟ್ರಿಗೆ ನಗು ಬರಲಿಲ್ಲ. ಮುಂದುವರಿದರು. ಮೊದಲ ಇನ್ನೂರು ವರ್ಷ ಆ ಹುಟ್ಟುಹಬ್ಬದ ಗೊಡವೆಗೇ ಹೆಚ್ಚು ಜನ ಹೋಗಿರಲಿಲ್ಲವಂತೆ. ಆಮೇಲೆ ಒಬ್ಬರು ಮೇ ತಿಂಗಳು ಎಂದರಂತೆ, ಇನ್ನೊಬ್ಬರು ಜನವರಿ ಎಂದರಂತೆ. ಡಿಸೆಂಬರ್ ಇಪ್ಪತ್ತೈದು ಹಬ್ಬವಾಗಿ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತಂತೆ. ಸೂರ್ಯನ ಹಬ್ಬವೊಂದರ ಮೇಲೆ ಇದನ್ನು ತಂದು ಕೂರಿಸಿದರು ಎನ್ನುವವರೂ ಇದ್ದಾರೆ. ಆದರೆ ಮೇಷ್ಟ್ರಿಗೆ ಹಿಡಿಸಿದ ವಾದ ಬೇರೆ.

"ಮಹಾತ್ಮರು ಪ್ರಾಣ ಬಿಟ್ಟ ತಾರೀಖೇ ಅವರು ತಾಯಿ ಹೊಟ್ಟೆಗೆ ಬಂದ ತಾರೀಖೂ ಅಂತ ಆಗಿನ ಕೆಲವರು ನಂಬಿದ್ರು. ಯೇಸು ತೀರಿಕೊಂಡದ್ದು ಮಾರ್ಚ್ ಇಪ್ಪತ್ತೈದು ಅಂತ ಇಟ್ಕೊಂಡಿದ್ರು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ಅಕ್ಕ. ನಿಮಗಂತೂ ಅದೇ ಕಸುಬು."

ನಾನು ಬಟಾಣಿ ಬಿಟ್ಟು ಬೆರಳು ಮಡಿಸಿದೆ. "ಡಿಸೆಂಬರ್ ಇಪ್ಪತ್ತೈದು."

"ಅಷ್ಟೇ ನೋಡಿ. ಯಾರೂ ಕಣ್ಣಾರೆ ಕಂಡದ್ದಲ್ಲ, ಲೆಕ್ಕ ಹಾಕಿದ್ದು. ಅದು ಹುಟ್ಟಿದ ದಿನ ಅಲ್ಲ, ಹುಟ್ಟಬೇಕಾಗಿದ್ದ ದಿನ." ಕನ್ನಡಕ ತೆಗೆದು ಒರೆಸಿಕೊಂಡರು. "ಹೇಗಿದೆ ಕೊನೇ ಸಾಲು?"

ಪಕ್ಕದ ಕೋಣೆಯಲ್ಲಿ ಕಡ್ಡಿಗಳ ಸದ್ದು ನಿಂತಿತ್ತು.

ನನ್ನ ಕೆಲಸ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ. ಬಸುರಿಯರ ಹೊಟ್ಟೆಗೆ ಜೆಲ್ ಹಚ್ಚಿ, ಪರದೆ ನೋಡಿ, ಇಂಥ ದಿನ ಹೆರಿಗೆಯಾಗಬಹುದು ಎಂದು ಹೇಳುತ್ತೇನೆ. ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ, ಖಂಡಿತ ಅದೇ ದಿನಾನಾ ಎಂದು. ಹೆಚ್ಚು ಕಡಿಮೆ ಎನ್ನುತ್ತೇನೆ. ಹೇಳಿದ ತಾರೀಖಿಗೆ ಸರಿಯಾಗಿ ಹುಟ್ಟುವ ಮಕ್ಕಳು ಅಪರೂಪ. ಆದರೂ ಆ ತಾಯಂದಿರು ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೇ ಗುರುತು ಹಾಕುತ್ತಾರೆ.

ಮೂರು ವರ್ಷದ ಹಿಂದೆ ತಂಗಿಗೂ ನಾನೇ ಹೇಳಿದ್ದೆ. ಪರದೆಯ ಮೂಲೆಯಲ್ಲಿ ಡಿಸೆಂಬರ್ ಇಪ್ಪತ್ತೈದು ಎಂದು ಬಂದಾಗ ಅವಳು ಮಲಗಿದ್ದಲ್ಲೇ ನಕ್ಕಳು. "ಒಂದು ಕೇಕ್ ಉಳೀತು ಬಿಡು ಅಕ್ಕ." ಮಾರನೆಯ ದಿನವೇ ಹಳದಿ ಉಲ್ಲನ್ ತಂದು ಅಂಗೈಯಗಲದ ಸ್ವೆಟರ್ ಶುರುಮಾಡಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ರೇಗಿಸಿದೆ. ಮೇಷ್ಟ್ರು ಎಲ್ಲಿಂದಲೋ ಹಳೆಯ ತೊಟ್ಟಿಲೊಂದನ್ನು ಕೇಳಿ ತಂದರು. ಅದು ಎಷ್ಟು ಹಳೆಯದೆಂಬುದರ ಮೇಲೆ ಒಂದು ವಾರ ಪಾಠವಾಯಿತು.

ಐದನೆಯ ತಿಂಗಳಲ್ಲಿ, ಅದೇ ಮಂಚದ ಮೇಲೆ, ನನ್ನ ಕೈಯಲ್ಲೇ, ಪರದೆಯಲ್ಲಿ ಏನೂ ಮಿಡಿಯಲಿಲ್ಲ. ಡಾಕ್ಟರನ್ನು ಕರೆಯಬೇಕಿತ್ತು. ಮೊದಲು ಇನ್ನೊಮ್ಮೆ ಹುಡುಕಿದೆ. ತಂಗಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಮಾರನೆಯ ದಿನವೇ ಮೇಷ್ಟ್ರು ತೊಟ್ಟಿಲನ್ನು ವಾಪಸು ಕೊಟ್ಟು ಬಂದರು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ತಂಗಿ ಮಾತ್ರ ಹಳದಿ ಸ್ವೆಟರ್ ಮುಗಿಸಿದಳು. ಕ್ರಿಸ್‌ಮಸ್ ದಿನ ಚರ್ಚಿನ ಬಾಗಿಲಲ್ಲಿರುವ ಬಟ್ಟೆ ದಾನದ ಪೆಟ್ಟಿಗೆಗೆ ಹಾಕಿದಳು. ಮರುವರ್ಷ ಇನ್ನೊಂದು ಹೆಣೆದಳು, ಸ್ವಲ್ಪ ದೊಡ್ಡದು. ಅದರ ಮರುವರ್ಷ ಇನ್ನೂ ಸ್ವಲ್ಪ ದೊಡ್ಡದು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಬೆಳೆಯೋ ಮಗುಗೆ ಹಳೇ ಅಳತೆ ಆಗುತ್ತಾ ಅಕ್ಕ?" ಎಂದಳು.

"ಅವರಿಗೆ ಹೇಳಬೇಡ," ಎಂದು ಕೈ ಹಿಡಿದು ಭಾಷೆ ತಗೊಂಡಳು. "ಅವರ ಪಾಲಿಗೆ ಆಗದೇ ಇದ್ದದ್ದು ಚರಿತ್ರೆ ಅಲ್ಲ. ಅಪ್ಪಿತಪ್ಪಿ ಇದನ್ನ ಕೇಳಿ ನಕ್ಕುಬಿಟ್ರೆ ನಾನು ಆ ಮನೇಲಿ ಇರೋಕಾಗಲ್ಲ. ನಿನ್ನ ಜೊತೆ ಮೇಲೆ ಬಂದಿರ್ತೀನಿ."

ಅವಳು ಹೇಳಿದರೆ ಮಾಡುವವಳು. ಈಗ ಆ ಮೇಷ್ಟ್ರು ಏನೂ ಗೊತ್ತಿಲ್ಲದೆ, ಮೈಕ್ ಹಿಡಿದು, ಊರ ಮುಂದೆ ಅವಳ ಆ ಒಂದು ದಿನವನ್ನು ಸುಳ್ಳು ಎಂದು ಸಾಬೀತು ಮಾಡಲು ಹೊರಟಿದ್ದರು. ಹೇಳಿದರೆ ತಂಗಿಗೆ ಕೊಟ್ಟ ಮಾತು ತಪ್ಪುತ್ತದೆ, ಸುಮ್ಮನಿದ್ದರೆ ಅವಳ ಸಂಸಾರ ಒಡೆಯುತ್ತದೆ. ಆ ವಾರವೆಲ್ಲ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

"ಮೇಷ್ಟ್ರೇ, ಆ ಕೊನೇ ಸಾಲು ಬೇಡ," ಎಂದೆ ಮೆಟ್ಟಿಲ ಬಳಿ ಹಿಡಿದು.

"ಯಾಕೆ?"

"ಉದ್ದ ಆಯ್ತು."

"ಇಡೀ ಭಾಷಣದಲ್ಲಿ ಅದೇ ಚಿಕ್ಕ ಸಾಲು ಅಕ್ಕ."

ಕುರಿಯ ವಿಷಯವನ್ನೇ ಬೆಳೆಸಿ ಎಂದೆ. ಸೂರ್ಯನ ಹಬ್ಬ ಚೆನ್ನಾಗಿದೆ ಎಂದೆ. ನಾನೇ ಕುರಿಯಂತೆ ಅವರ ಹಿಂದೆ ಹಿಂದೆ ಸುತ್ತಿದೆ. ಈ ಮನುಷ್ಯ ಯಾರಿಗೂ ಜಗ್ಗುವವರಲ್ಲ, ಹಲ್ಲಿನ ಡಾಕ್ಟರಿಗೆ ಒಬ್ಬರಿಗೆ ಬಿಟ್ಟು. ವರ್ಷಕ್ಕೊಂದು ಸಲ ಹಲ್ಲುನೋವೆಂದು ನಮ್ಮ ಆಸ್ಪತ್ರೆಗೆ ಬರುತ್ತಾರೆ, ಅಂಗಳದ ಬೆಂಚಿನ ಮೇಲೆ ಅರ್ಧ ದಿನ ಕೂರುತ್ತಾರೆ, ಒಳಗೆ ಹೋಗಲು ಧೈರ್ಯ ಸಾಲದೆ ವಾಪಸಾಗುತ್ತಾರೆ. ಪ್ರತಿ ಸಲ ನಾನೇ ಓಡಿಹೋಗಿ ನೋವಿನ ಮಾತ್ರೆ ಕೊಟ್ಟು ಕಳಿಸುತ್ತೇನೆ.

ಕೊನೆಗೆ ಫಾದರ್ ಬಳಿ ಹೋದೆ. ಅವರು ಹಾಲ್‌ನ ಕುರ್ಚಿಗಳ ಧೂಳು ಒರೆಸಿಸುತ್ತಿದ್ದರು.

"ಫಾದರ್, ಈ ಭಾಷಣ ಹಬ್ಬ ಮುಗಿದ ಮೇಲೆ ಇಟ್ಕೊಂಡ್ರೆ ಆಗಲ್ವಾ? ಜನಕ್ಕೆ ಬೇಜಾರಾಗಬಹುದು."

"ತಾರೀಖು ತಪ್ಪು ಅಂತ ಕೇಳಿ ಯಾರ ನಂಬಿಕೆನೂ ಸಾಯಲ್ಲಮ್ಮ. ಸತ್ತರೆ ಅದಕ್ಕೆ ಮೊದಲೇ ಜ್ವರ ಇತ್ತು ಅಂತ ಅರ್ಥ." ನಕ್ಕು ಇನ್ನೊಂದು ಕುರ್ಚಿ ಎಳೆದರು. ನನ್ನ ಸಂಕಟ ನಂಬಿಕೆಯದಲ್ಲ ಎಂದು ಹೇಳುವ ಹಾಗಿರಲಿಲ್ಲ. ನಾಲ್ಕು ಕುರ್ಚಿ ಒರೆಸಿಕೊಟ್ಟು ಬಂದೆ. ಅವತ್ತು ಆಸ್ಪತ್ರೆಯಲ್ಲಿ ಒಬ್ಬ ಬಸುರಿಗೆ ತಿಂಗಳನ್ನೇ ತಪ್ಪು ಹೇಳಿ, ಅವಳ ಅತ್ತೆಯ ಕೈಲಿ ಬೈಸಿಕೊಂಡೆ.

ಉಳಿದದ್ದು ತಂಗಿ. "ನೀನು ಬರಬೇಡ. ತಲೆನೋವು ಅನ್ನು."

"ಬರ್ತೀನಿ," ಎಂದಳು ಕಡ್ಡಿಯಿಂದ ಕಣ್ಣೆತ್ತದೆ. "ಮುಂದಿನ ಸಾಲಲ್ಲೇ ಕೂರ್ತೀನಿ." ಅವಳ ದನಿ ಕೇಳಿ ನನಗೆ ಇನ್ನಷ್ಟು ದಿಗಿಲಾಯಿತು. ಮನೆಗೆ ಹೋಗಿ ಅವಳಿಗೆಂದು ಒಂದು ಹಾಸಿಗೆ ಬಿಸಿಲಿಗೆ ಹಾಕಿದೆ. ಹಾಕಿದ್ದಕ್ಕೆ ನನಗೇ ಸಿಟ್ಟು ಬಂತು.

ಭಾನುವಾರ ಹಾಲ್ ತುಂಬಿತ್ತು. ಮೈಕ್ ಒಂದೆರಡು ಸಲ ಕಿರುಚಿ ಸುಮ್ಮನಾಯಿತು. ತಂಗಿ ಹೇಳಿದಂತೆ ಮುಂದಿನ ಸಾಲಿನಲ್ಲೇ, ನನ್ನ ಪಕ್ಕ, ಮಡಿಲಲ್ಲಿ ನೀಲಿ ಉಲ್ಲನ್ ಇಟ್ಟುಕೊಂಡು ಕೂತಳು. ಆ ವರ್ಷದ ಸ್ವೆಟರ್ ಮೂರು ವರ್ಷದ ಮಗುವಿನ ಅಳತೆಯದು. ಒಂದು ತೋಳಿನ ಅಂಚು ಮಾತ್ರ ಬಾಕಿ.

ಒಪ್ಪಬೇಕಾದ್ದೇ, ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಕುರಿಗೆ ಜನ ನಕ್ಕರು, ಸೂರ್ಯನಿಗೆ ತಲೆದೂಗಿದರು. ನಕ್ಕಷ್ಟೂ ಅವರಿಗೆ ಹುರುಪು ಬಂತು. ಅಡುಗೆಮನೆಯಲ್ಲಿ ಇಲ್ಲದ ಮಾತೊಂದು ಹುರುಪಿನಲ್ಲಿ ಹೊರಬಿತ್ತು.

"ಕೂಸು ಹುಟ್ಟೋ ಮುಂಚೆ ಕುಲಾವಿ ಅಂತೀವಲ್ಲ, ಇದು ಕೂಸು ಹುಟ್ಟಿ ಮುನ್ನೂರು ವರ್ಷ ಆದಮೇಲೆ ಹೊಲಿಸಿದ ಕುಲಾವಿ."

ಹಾಲ್ ಘೊಳ್ಳೆಂದಿತು. ನಾನು ತಂಗಿಯ ಕಡೆ ತಿರುಗಲಿಲ್ಲ, ತಿರುಗುವ ಧೈರ್ಯ ಇರಲಿಲ್ಲ. ಹಿಂದೆಯೇ ಬೆರಳೆಣಿಕೆಯ ವಾದ ಬಂತು, ಅದರ ಹಿಂದೆ ಆ ಸಾಲು. ಅದು ಹುಟ್ಟಿದ ದಿನ ಅಲ್ಲ, ಹುಟ್ಟಬೇಕಾಗಿದ್ದ ದಿನ. ಚಪ್ಪಾಳೆ ಬಿತ್ತು.

ಪ್ರಶ್ನೆಗಳಿದ್ದರೆ ಕೇಳಿ ಎಂದರು ಫಾದರ್. ಬೇಕರಿಯವರು ಎದ್ದರು. "ಹಾಗಾದ್ರೆ ಕೇಕ್ ಯಾವತ್ತು ಮಾಡ್ಲಿ ಮೇಷ್ಟ್ರೇ? ಜನವರೀಲಿ ಒಂದ್ಸಲ, ಮೇನಲ್ಲಿ ಒಂದ್ಸಲ ಅಂದ್ರೂ ನಂದೇನೂ ಅಭ್ಯಂತರ ಇಲ್ಲ." ಮತ್ತೆ ನಗು. ಅದು ಅಡಗುವ ಮುಂಚೆಯೇ ತಂಗಿ ಎದ್ದು ನಿಂತಿದ್ದಳು.

"ನಂದೂ ಒಂದಿದೆ. ಲೆಕ್ಕ ಹಾಕಿದ್ರು ಅಂದ್ರಲ್ಲ, ಅದು ಹೆಚ್ಚು ಕಡಿಮೆ ಲೆಕ್ಕ ಅಂತ ಅವರಿಗೆ ಗೊತ್ತಿರಲಿಲ್ವಾ?"

ಹೆಂಡತಿ ಸಭೆಯಲ್ಲಿ ಪ್ರಶ್ನೆ ಕೇಳಿದ್ದು ಮೇಷ್ಟ್ರಿಗೆ ಖುಷಿಯಾಯಿತು. "ಗೊತ್ತಿದ್ದಿರಬಹುದು. ದಡ್ಡರೇನಲ್ಲ ಅವರು."

"ಗೊತ್ತಿದ್ದೂ ಯಾಕೆ ಹಾಕಿದ್ರು?"

"ಒಂದು ದಿನ ಬೇಕಿತ್ತು ಅವರಿಗೆ."

"ಯಾಕೆ ಬೇಕಿತ್ತು?"

"ಯಾಕಂದ್ರೆ..." ತರಗತಿಯಲ್ಲಿ ಮಾಡುವಂತೆ ಬೆರಳೆತ್ತಿದರು. "ಪ್ರೀತಿ ಇತ್ತು, ದಿನ ಇರಲಿಲ್ಲ. ಪ್ರೀತೀನ ಇಡೋಕೆ ಎಲ್ಲಾದರೂ ಒಂದು ಜಾಗ ಬೇಕಲ್ಲ..."

"ಅಷ್ಟೇ ಕೇಳ್ಬೇಕಿತ್ತು," ಎಂದು ತಂಗಿ ಕೂತಳು. ಕೂತು, ಮಡಿಲಿನ ಸ್ವೆಟರನ್ನು ಎರಡು ಭುಜ ಹಿಡಿದು ಎತ್ತಿ, ಉದ್ದ ಸರಿಯಿದೆಯೇ ಎಂದು ನೋಡಿದಳು. ಯಾರಿಗೂ ತೋರಿಸಲೆಂದಲ್ಲ, ಹೆಣೆಯುವವರೆಲ್ಲ ಮಾಡುವ ಕೆಲಸ ಅದು.

ಮೇಷ್ಟ್ರು ಆ ಸ್ವೆಟರನ್ನೇ ನೋಡಿದರು. ವರ್ಷ ವರ್ಷವೂ ಅವರ ಎದುರೇ ಕೂತು ಹೆಣೆದಿದ್ದಳು. ಹಳದಿ, ಹಸಿರು, ಕೆಂಪು, ಈಗ ಈ ನೀಲಿ, ಒಂದಕ್ಕಿಂತ ಒಂದು ಉದ್ದ. ಎತ್ತಿದ ಬೆರಳು ಹಾಗೇ ನಿಂತಿತು. ಮುಖದ ಬಣ್ಣ ಇಳಿಯಿತು. ನೀರಿನ ಲೋಟಕ್ಕೆ ಕೈ ಹಾಕಿ ಮೇಜಿನ ಮೇಲೆಲ್ಲ ಚೆಲ್ಲಿಕೊಂಡರು. ಸೆಕೆ ಹೆಚ್ಚಾಯಿತೇನೋ ಎಂದುಕೊಂಡು ಫಾದರ್ ಕಿಟಕಿ ತೆರೆಸಿ, ಪ್ರಾರ್ಥನೆ ಹೇಳಿ ಸಭೆ ಮುಗಿಸಿದರು.

ಮೂವರೂ ಮನೆಗೆ ನಡೆದೆವು. ಮೇಷ್ಟ್ರು ನಾಲ್ಕು ಹೆಜ್ಜೆ ಮುಂದೆ ಹೋಗುವರು, ನಿಲ್ಲುವರು, ಮತ್ತೆ ಹಿಂದೆ ಬರುವರು. ಮುಚ್ಚಿದ್ದ ಔಷಧಿ ಅಂಗಡಿಯ ಮುಂದೆ ಕೊನೆಗೂ ಬಾಯಿ ಬಿಟ್ಟರು.

"ಪ್ರತಿ ವರ್ಷನೂ ಅದಕ್ಕೇನಾ?"

"ಹೂಂ," ಎಂದಳು ತಂಗಿ.

"ನಂಗೆ ಹೇಳ್ಲೇ ಇಲ್ಲ."

"ನೀವು ಮಾರನೇ ದಿನಾನೇ ತೊಟ್ಟಿಲು ಕೊಟ್ಟು ಬಂದ್ರಿ."

"ನಿನ್ನ ಕಣ್ಣಿಗೆ ಬೀಳದೇ ಇರಲಿ ಅಂತ ಕೊಟ್ಟೆ."

"ಕೊಟ್ರಿ, ಸರಿ. ಆಮೇಲೆ? ಒಂದು ದಿನ ಆದ್ರೂ ನೆನೆಸಿಕೊಂಡ್ರೇನ್ರೀ?"

ಮೇಷ್ಟ್ರು ನನ್ನ ಕಡೆ ನೋಡಿದರು, ಆಮೇಲೆ ರಸ್ತೆಯ ಕಡೆ. "ಜುಲೈ ಹದಿನೇಳು. ಆಸ್ಪತ್ರೆ ಅಂಗಳದ ಬೆಂಚು. ಅಕ್ಕನಿಗೆ ಹಲ್ಲುನೋವು ಅಂತ ಹೇಳ್ತಿದ್ದೆ."

ನಾನು ಅಲ್ಲೇ ನಿಂತುಬಿಟ್ಟೆ. ಪರದೆಯಲ್ಲಿ ಏನೂ ಮಿಡಿಯದಿದ್ದ ದಿನ ಅದು. ಆ ಬೆಂಚಿನಿಂದ ನೋಡಿದರೆ ಎದುರಿಗೆ ಕಾಣುವುದು ನನ್ನ ಕೋಣೆಯ ಕಿಟಕಿ. ಈ ಮನುಷ್ಯನನ್ನು ಪುಕ್ಕಲ ಎಂದು ಇಡೀ ಆಸ್ಪತ್ರೆಯಲ್ಲಿ ಆಡಿಕೊಂಡಿದ್ದೆ. "ಮತ್ತೆ ನಾನು ಕೊಟ್ಟ ಮಾತ್ರೆಗಳೆಲ್ಲ?" ಎಂದು ಕೇಳಿದೆ.

"ತಗೊಳ್ತಿದ್ದೆ ಅಕ್ಕ. ನೀವು ಅಷ್ಟು ದೂರದಿಂದ ಓಡಿ ಬಂದು ಕೊಡ್ತಿದ್ರಿ."

ತಂಗಿ ಅಳುತ್ತಿದ್ದಳು, ನಡುವೆ ಒಂದು ನಗುವೂ ಬಂತು. ಮೇಷ್ಟ್ರು ಅವಳ ಹೆಗಲಿನ ಚೀಲ ತಗೊಂಡರು. "ನಂಗೆ ಗೊತ್ತಿದ್ದದ್ದು ಅದೊಂದೇ ದಿನ ಕಣೆ. ನಿಜವಾಗಿ ಆಗಿದ್ದು ಅದೊಂದೇ."

"ಆ ದಿನ ನಂಗೆ ಬೇಡ," ಎಂದಳು. "ಅದರಲ್ಲಿ ಮಗು ಇಲ್ಲ."

ಅವರು ವಾದ ಮಾಡಲಿಲ್ಲ. ಮದುವೆಯಾದಾಗಿನಿಂದ ನಾನು ಕಂಡ ಹಾಗೆ ಅದೇ ಮೊದಲು. ಮನೆ ತಲುಪಿದ ಮೇಲೆ ಅವರಿಬ್ಬರನ್ನು ಬಿಟ್ಟು ನಾನು ಮೇಲೆ ಹೋದೆ. ಹಾಕಿಟ್ಟಿದ್ದ ಹಾಸಿಗೆಯನ್ನು ಸುತ್ತಿ ಅಟ್ಟಕ್ಕೆ ತಳ್ಳಿದೆ.

ಕ್ರಿಸ್‌ಮಸ್ ದಿನ ಪೂಜೆ ಮುಗಿದು ಜನ ಹೊರಬೀಳುತ್ತಿದ್ದರು. ಬಾಗಿಲ ಬಳಿಯ ಪೆಟ್ಟಿಗೆಗೆ ತಂಗಿ ನೀಲಿ ಸ್ವೆಟರ್ ಹಾಕಲು ಹೋದಾಗ ಮೇಷ್ಟ್ರು, "ಒಂದು ನಿಮಿಷ," ಎಂದರು. ಸ್ವೆಟರ್ ಈಸಿಕೊಂಡು ಒಂದು ಕೈಯಲ್ಲಿ ತೂಗಿ ಹಿಡಿದರು. ಅತ್ತಿತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ, ಇನ್ನೊಂದು ಅಂಗೈಯನ್ನು ತಮ್ಮ ತೊಡೆಯ ಪಕ್ಕ ಗಾಳಿಯಲ್ಲಿ ಚಾಚಿದರು, ಅಲ್ಲಿ ಒಂದು ತಲೆ ಇದ್ದ ಹಾಗೆ.

"ಇಷ್ಟು ಎತ್ತರ ಇರ್ತಿತ್ತಾ?"

"ಹೆಚ್ಚು ಕಡಿಮೆ," ಎಂದೆ ನಾನು, ಕಸುಬಿನ ಅಭ್ಯಾಸದಿಂದ.

ತಂಗಿ ಅವರ ಕೈ ಹಿಡಿದು ಸ್ವಲ್ಪ ಮೇಲಕ್ಕೆತ್ತಿದಳು.