ಪರೀಕ್ಷೆಗೆ ಮೀಸಲಾದ ದವಡೆ

"ಹುಬ್ಬಳ್ಳಿಗೆ ಹೋಗ್ತಾಳಂತೆ ಹುಬ್ಬಳ್ಳಿಗೆ! ನಿನ್ನಪ್ಪ ಕಟ್ಸಿದ್ನನೇ ರಂಡೆ, ಆಸ್ಪತ್ರೆಯ?" ನಾಗಪತಿ ಹೆಗಡೆಯವರು ಜಗಲಿಯ ಮೇಲಿಂದಲೇ ಅಂಗಳದ ಅಂಚು ತೋರಿಸಿದರು. "ಇಡು ಅಲ್ಲಿ ಆ ಚೀಟಿಯ."

ಅವರ ಗೇಣಿ ಗದ್ದೆಯ ಒಕ್ಕಲು ಹೊನ್ನಿ ಚೀಟಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಕುಮಟೆಯ ಸರಕಾರಿ ದವಾಖಾನೆಯ ಡಾಕ್ಟರು ಬರೆದುಕೊಟ್ಟ ಚೀಟಿ ಅದು. ಅವಳ ಬಲದವಡೆಯಲ್ಲಿ ಲಿಂಬೆಕಾಯಿಯಷ್ಟು ಗಂಟು ಎದ್ದಿತ್ತು. ಹುಬ್ಬಳ್ಳಿಯಲ್ಲಿ ಪುಕ್ಕಟೆ ಕೊಯ್ದು ತೆಗೆಯುತ್ತಾರೆ, ದಸರೆಯೊಳಗೆ ಹೋಗಿಬಿಡು, ತಡಮಾಡಿದರೆ ಎಲುಬು ಟೊಳ್ಳಾಗಿ ದವಡೆಯೇ ಮುರಿದೀತು ಎಂದು ಆ ಪುಣ್ಯಾತ್ಮ ಎರಡೆರಡು ಸಲ ಹೇಳಿದ್ದ. ಅದು ಅರವತ್ತಮೂರರ ಶ್ರಾವಣ.

"ನಮ್ಮನೆ ಶಾಂತಾರಾಮನೇ ಹಲ್ಲಿನ ಡಾಕ್ಟ್ರು. ಅವ ನೋಡ್ತ," ಎಂದರು ಹೆಗಡೆಯವರು. ಚೀಟಿ ಅವರ ಮಡಿಲು ಸೇರಿತು.

ಹೆಗಡೆಯವರ ಮಗ ಶಾಂತಾರಾಮ ಮುಂಬಯಿಯಿಂದ ರಜೆಗೆ ಬಂದಿದ್ದ. ಹಲ್ಲು ಕೀಳುವ ಡಾಕ್ಟರಿಕೆ ಮುಗಿದು, ಈಗ ದವಡೆ ಕೊಯ್ಯುವ ದೊಡ್ಡ ಪರೀಕ್ಷೆಗೆ ಕೂತಿದ್ದ. ಹೋದ ಸಲ ಡುಮ್ಕಿ ಹೊಡೆದಿದ್ದ. ಪರೀಕ್ಷೆಯಲ್ಲಿ ಕೊಟ್ಟ ರೋಗಿಯ ಬಾಯಲ್ಲಿ ಏನಾಗಿದೆ ಎಂದೇ ಅವನಿಗೆ ತಿಳಿದಿರಲಿಲ್ಲ. ಹೊನ್ನಿಯನ್ನು ಕೊಟ್ಟಿಗೆಯ ಪಕ್ಕ ಕೂರಿಸಿ, ರಬ್ಬರು ಕೈಗವಸು ತೊಟ್ಟು, ಗಂಟು ಒತ್ತಿದ. ಒಳಗೆ ಮೊಟ್ಟೆಯ ಸಿಪ್ಪೆ ಬಿರಿದಂತೆ ಚರಚರ ಸದ್ದಾಯಿತು. ಅವಳಿಗೆ ಕಣ್ಣಲ್ಲಿ ನೀರು ಬಂತು, ಅವನ ಮುಖ ಅರಳಿತು. ಪರೀಕ್ಷಕರು ಹುಡುಕುವುದೇ ಈ ಸದ್ದನ್ನು.

"ಚೈತ್ರದವರೆಗೆ ಇದ್ನ ಯಾರೂ ಮುಟ್ಟುಲಾಗ. ಮುಂಬೈಗೆ ನಾನೇ ಕರ್ಸ್ಕಳ್ತೆ. ಪರೀಕ್ಷೆ ಮುಗಿದ ಮರ್ದಿನ ಅಲ್ಲೇ ಕೊಯ್ಸಿ ಕಳಸ್ತೆ. ಆತಾ?"

"ಅಷ್ಟು ದಿನ ತಡೀತದ್ಯಾ, ಒಡ್ಯಾ?"

"ಬೆಳದಷ್ಟೂ ಒಳ್ಳೇದು."

ಅಷ್ಟು ಹೇಳಿ ಅವನು ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡ. ಅವಳ ಬಾಯೊಳಗೆ ಬೆರಳಿಡಲು ಅಡ್ಡಿಯಿಲ್ಲದವನಿಗೆ ಅವಳನ್ನು ಜಗಲಿ ಹತ್ತಿಸಲು ಅಡ್ಡಿಯಿತ್ತು.

ಹೊಳನಗದ್ದೆಯ ಬಿಡಾರದಲ್ಲಿ ಗಂಡ ಸುಬ್ಬ ಅವಳ ಮಾತನ್ನು ಅರ್ಧದಲ್ಲೇ ತಡೆದ. "ಸುಮ್ನಿರೇ ಮಾರಾಯ್ತಿ. ಒಡೇರು ಗೇಣಿ ಗದ್ದೆ ಬಿಡ್ಸ್ರೆ ಎಂತ ತಿಂಬುದು, ಮಣ್ಣಾ?"

"ಈಗೆಂತ ತಿಂತೆ ನಾನು? ಗಂಜಿ ತಿಳಿ! ಅನ್ನ ಅಗಿಯೂಕೆ ಆತದ್ಯಾ ಕೇಳು ಒಂದ್ಸಲ!"

ಸುಬ್ಬ ಕೇಳಲಿಲ್ಲ. ಭತ್ತದ ಕೊಯ್ಲು ಮುಗಿಯುವಾಗ ಗಂಟು ಪೇರಲೆಹಣ್ಣಿನಷ್ಟಾಯಿತು. ಒಂದು ದಿನ ಗಂಜಿ ಕುಡಿಯುವಾಗ ಎರಡು ಹಲ್ಲು ತಾವಾಗಿ ಕಳಚಿ ತಾಟಿಗೆ ಬಿದ್ದವು. ಅವಳು ಅವನ್ನು ಸೆರಗಿನಲ್ಲಿ ಕಟ್ಟಿ ಹೆಗಡೆಯವರ ಅಂಗಳಕ್ಕೆ ಒಯ್ದಳು. "ಅವಂಗೆ ಕಾಗದ ಬರೀತೆ, ಹೋಗು," ಎಂದು ಅವರು ಎಲೆಯಡಿಕೆ ಉಗುಳಿದರು.

ಚೈತ್ರದಲ್ಲಿ ಮುಂಬಯಿ. ಪರೀಕ್ಷೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ಕೂರಿಸಿ ಶಾಂತಾರಾಮ ಪಾಠ ಹೇಳಿಕೊಟ್ಟ. ಎರಡು ತಿಂಗಳ ಗಂಟು ಅನ್ನಬೇಕು. ತನ್ನ ಗುರುತೇ ಇಲ್ಲ ಅನ್ನಬೇಕು. ಗುರುತಿನ ರೋಗಿ ಅಂತ ತಿಳಿದರೆ ಪರೀಕ್ಷೆಯೇ ರದ್ದು. ಗುಮಾಸ್ತನ ಕೈ ಬಿಸಿ ಮಾಡಿ, ಅವಳ ಮಂಚ ತನ್ನ ಪಾಲಿಗೇ ಬರುವಂತೆ ಮಾಡಿಕೊಂಡಿದ್ದ.

ಅಷ್ಟರಲ್ಲಿ ಅವನ ಗೆಳೆಯ ಪಾಂಡು ಡಾಕ್ಟರ ಬಂದ. ಕುಮಟೆಯ ಜವಳಿ ಸಾಹುಕಾರರ ಮಗ, ಅದೇ ಪರೀಕ್ಷೆಗೆ ಓದುತ್ತಿದ್ದವನು. ಇಬ್ಬರೂ ಅವಳ ತಲೆಯ ಮೇಲೆಯೇ ಕೊಂಕಣಿಯಲ್ಲಿ ಮಾತಿಗಿಳಿದರು. ಇದನ್ನು ಈಗ ಕೊಯ್ಸಬೇಡ ಮಾರಾಯ, ಊರಿಗೆ ಕಳಿಸಿಬಿಡು, ಕಾರ್ತಿಕದಲ್ಲಿ ನನ್ನ ಪರೀಕ್ಷೆ ಇದೆ, ಅಷ್ಟರೊಳಗೆ ಇನ್ನೂ ಲಾಯಕ್ಕಾಗಿ ಬೆಳೆದಿರುತ್ತದೆ ಎಂದ ಪಾಂಡು. ಶಾಂತಾರಾಮ ನಕ್ಕು, ತಗೋ, ನಿನಗೇ ಕೊಟ್ಟೆ ಎಂದ.

ಹೊನ್ನಿ ಮದುವೆಗೆ ಮುಂಚೆ ಹತ್ತು ವರ್ಷ ಕುಮಟೆಯ ಕೊಂಕಣಿಗರ ಮನೆಯಲ್ಲಿ ಮುಸುರೆ ತಿಕ್ಕಿದವಳು. ಅದನ್ನು ಯಾವ ಒಡೆಯನೂ ಅವಳನ್ನು ಕೇಳಿರಲಿಲ್ಲ. ಅವರ ಒಂದೊಂದು ಮಾತೂ ಅವಳಿಗೆ ತಿಳಿಯಿತು. ನೆಲ ನೋಡುತ್ತ ಕೂತಳು.

ಏಳನೆಯ ಮಂಚ ಅವಳದು. ಪರೀಕ್ಷಕರು ಇಬ್ಬರು, ಅವರಲ್ಲೊಬ್ಬ ಕನ್ನಡಕದ ಮರಾಠಿ ಮುದುಕ. ಶಾಂತಾರಾಮ ಇಂಗ್ಲಿಷಿನಲ್ಲಿ ಗಡಗಡ ಒದರಿದ, ಗಂಟು ಒತ್ತಿದ. ಸದ್ದು ಕೇಳಿತು. ಮುದುಕ ತಲೆದೂಗಿ ತಾನೂ ಒತ್ತಿದ. ಇನ್ನೊಬ್ಬನೂ ಒತ್ತಿದ. ನೋವಿಗೆ ಅವಳ ಕಾಲ್ಬೆರಳು ಸೆಟೆದವು. ಮುದುಕ ಏನೋ ಕೇಳಿದ. ಶಾಂತಾರಾಮ ಅವಳತ್ತ ಬಾಗಿ ಮೆತ್ತಗೆ ಕೇಳಿದ, "ಎಷ್ಟು ದಿನ ಆಯ್ತಮ್ಮ ನಿಮಗೆ ಈ ಗಂಟು?"

ಅಮ್ಮ! ಮದುವೆಯಾಗಿ ಬಂದಂದಿನಿಂದ ಆ ಮನೆಯ ಯಾರ ಬಾಯಿಂದಲೂ ಅವಳು ಕೇಳದ ಮಾತು.

ಹೊನ್ನಿ ಅವನನ್ನು ಬಿಟ್ಟು ಮುದುಕನ ಕಡೆ ತಿರುಗಿದಳು. ಊದಿದ ದವಡೆಯಲ್ಲಿ ತೊದಲುತ್ತ, ಆದರೆ ಒಂದೂ ಬಿಡದೆ, ಕೊಂಕಣಿಯಲ್ಲಿ ಹೇಳಿದಳು. ಶ್ರಾವಣದಿಂದ ಇದೆ. ಈತ ನನ್ನ ಧಣಿಯ ಮಗ. ಚೀಟಿ ಕಿತ್ತುಕೊಂಡು ಇವತ್ತಿಗಾಗಿ ಇದನ್ನು ಬೆಳೆಸಿದರು. ಇನ್ನು ಕಾರ್ತಿಕದವರೆಗೆ ಆ ಇನ್ನೊಬ್ಬ ಡಾಕ್ಟರನಿಗಾಗಿ ಬೆಳೆಸುತ್ತಾರಂತೆ.

ಮುದುಕನಿಗೆ ಮುಕ್ಕಾಲು ಪಾಲು ತಿಳಿಯಿತು. ಉಳಿದದ್ದು ಶಾಂತಾರಾಮನ ಮುಖ ನೋಡಿ ತಿಳಿಯಿತು.

"ಮುಚ್ಚೇ ಬೋಸುಡಿ!" ಶಾಂತಾರಾಮ ಹಲ್ಲು ಕಡಿದ. "ಊರಿಗೆ ಬಾ. ಗದ್ದೇಲಿ ಕಾಲಿಡು, ನೋಡ್ತೆ."

"ಗದ್ದೆ ನಿನ್ನಪ್ಪಂದು. ಅವ್ನೇ ಉತ್ಕಳ್ಲಿ."

ಶಾಂತಾರಾಮನ ಸರದಿ ಮುಗಿದ ಗಂಟೆ ಹೊಡೆಯಿತು. ಬಾಗಿಲಲ್ಲಿ ಬಿಳಿ ಕೋಟು ತೊಟ್ಟ, ಮುಂದಿನ ಸರದಿಯ ಹುಡುಗ ಕಾಯುತ್ತಿದ್ದ. ಸಿಪಾಯಿ ಬಂದು ಏಳು, ಮುಂದಿನ ರೋಗಿಗೆ ಮಂಚ ಬಿಡು ಎಂದ. ಹೊನ್ನಿ ಅಂಗಾತ ಮಲಗಿದಳು. ತಲೆಯ ಹಿಂದಿನ ಕಬ್ಬಿಣದ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದಳು.

"ಕೊಯ್ದ ಮೇಲೇ ಏಳ್ತೆ," ಎಂದಳು. ಅದನ್ನೇ ಕೊಂಕಣಿಯಲ್ಲೂ ಹೇಳಿದಳು.

ಮುದುಕ ಕನ್ನಡಕ ತೆಗೆದು ಒರೆಸತೊಡಗಿದ. ಸಿಪಾಯಿ ಅವಳ ಎರಡೂ ಕಾಲು ಹಿಡಿದು ಎಳೆದ. ಅವಳು ಸರಳು ಬಿಡಲಿಲ್ಲ. ಮಂಚವೂ ಅವಳ ಜೊತೆಗೇ ಕಿರ್ರೆಂದು ಬಾಗಿಲ ಕಡೆಗೆ ಸರಿಯಿತು.