ನೋಡ್ಕೋತೀನಿ ಅಂದ ಮಾತು

ಸಭೆಗಳಿಗೆ ಮೈಕು ಕಟ್ಟುವುದು ನನ್ನ ಕೆಲಸ. ತಲೆಗೂದಲು ಕಪ್ಪಗಿದ್ದ ಕಾಲದಿಂದ ಇದೇ. ಬಾಯಗಲದ ಎರಡು ಹಾರನ್ನು, ದನಿ ಏರಿಸುವ ಒಂದು ಪೆಟ್ಟಿಗೆ, ಸುರುಳಿ ಸುತ್ತಿದ ವೈರು, ಇಷ್ಟು ಬಿಟ್ಟರೆ ನನ್ನ ಅಂಗಡಿಯಲ್ಲಿ ಇಲಿಗೂ ತಿನ್ನಲು ಏನೂ ಸಿಗುವುದಿಲ್ಲ.

ಹಿಂದೆಲ್ಲ ಚೌಕದ ಕಂಬಕ್ಕೆ ಹಾರನ್ನು ಕಟ್ಟಿದರೆ ಒಂದರ ಬಾಯಿ ಮೇಲಿನ ಬೀದಿಗೆ, ಇನ್ನೊಂದರದು ಕೆಳಗಿನ ಬೀದಿಗೆ. ಸಭೆ ಯಾರದೇ ಆಗಲಿ, ಇಬ್ಬರಿಗೂ ಕೇಳುತ್ತಿತ್ತು. ಬೈಗುಳವೂ ಎದುರಿಗೇ, ಉತ್ತರವೂ ಎದುರಿಗೇ. ಬರುಬರುತ್ತಾ ಮೇಲಿನ ಬೀದಿಯೆಲ್ಲ ಬಾಚಣಿಗೆ ಪಕ್ಷ, ಕೆಳಗಿನ ಬೀದಿಯೆಲ್ಲ ಬಕೆಟ್ ಪಕ್ಷ ಎಂದಾಯಿತು. ಬಕೆಟ್ ಹಿಡಿಯೋರು ಎಂದು ಇವರು ಅವರನ್ನು ಆಡಿಕೊಳ್ಳುವರು. ನಿಮ್ಮ ಬೋಳುತಲೆ ಅಭ್ಯರ್ಥಿಗೆ ಬಾಚಣಿಗೆ ಯಾಕೆ ಎಂದು ಅವರು. ಅಷ್ಟಾದರೆ ಚಿಂತೆಯಿರಲಿಲ್ಲ, ನಗುವೇ ತಾನೆ. ಆಮೇಲಾಮೇಲೆ ಮೈಕು ಹೇಳಲು ಬಂದವರು, "ಅಜ್ಜ, ಎರಡು ಹಾರನ್ನೂ ನಮ್ಮ ಕಡೆಗೇ ತಿರುಗಿಸು. ನಮ್ಮ ಮಾತು ಅವರಿಗ್ಯಾಕೆ?" ಎನ್ನತೊಡಗಿದರು. ಆಚೆ ಬೀದಿಗೆ ಬರೀ ಗೊಜಗೊಜ ಸದ್ದು. ಆ ಸದ್ದಿಗೆ ಅರ್ಥ ಹಚ್ಚುವವರು ಹುಟ್ಟಿಕೊಂಡರು. ಫೋನು ಬಂದ ಮೇಲಂತೂ ಅವರಿಗೆ ಹಬ್ಬ.

ನಮ್ಮ ಮನೆಯಿರುವುದು ಮೇಲಿನ ಬೀದಿಯಲ್ಲಿ. ನನ್ನ ಸೊಸೆ ದಾದಿ. ಅವಳ ಆಸ್ಪತ್ರೆಯಿರುವುದು ಕೆಳಗಿನ ಬೀದಿಯಲ್ಲಿ. ಮಗ ಸರಕು ಲಾರಿ ಓಡಿಸುತ್ತಾನೆ, ಮನೆಗಿಂತ ದಾರಿಯಲ್ಲಿರುವುದೇ ಹೆಚ್ಚು. ಚುನಾವಣೆ ಹತ್ತಿರ ಬಂದಾಗ ಕೆಳಗಿನ ಬೀದಿಯಲ್ಲಿ ಜ್ವರ ಎದ್ದಿತು. ಸೊಸೆ ಚೀಲ ನೇತುಹಾಕಿಕೊಂಡು ಮನೆಮನೆಗೆ ಹೋಗಿ ಔಷಧಿ ಕೊಟ್ಟು ಬರುತ್ತಿದ್ದಳು.

ಒಂದು ಬೆಳಿಗ್ಗೆ ಹೋದವಳು ಚೀಲ ತುಂಬಿದ್ದ ಹಾಗೆಯೇ ವಾಪಸು ಬಂದಳು.

"ಏನಮ್ಮ, ಇಷ್ಟು ಬೇಗ?"

"ಬಾಗಿಲು ತೆಗೀತಿಲ್ಲ ಮಾವ. ಕಿಟಕಿಯಿಂದ ಹಣಕಿ ನೋಡಿ ಚಿಲಕ ಹಾಕ್ಕೋತಾರೆ. ಮಕ್ಕಳಿಗೆ ಇನ್ನೂ ಔಷಧಿ ಮುಗಿದಿಲ್ಲ. ನಡುವೆ ಬಿಟ್ಟರೆ ಜ್ವರ ತಿರುಗಿ ಬರುತ್ತೆ."

ಫೋನು ತೆಗೆದು ನನ್ನ ಕಿವಿಗೆ ಹಿಡಿದಳು. ಅವಳದೇ ದನಿ. "ಕೆಳಗಿನ ಬೀದಿಯವರನ್ನ ನಾನು ನೋಡ್ಕೋತೀನಿ. ಒಬ್ಬರನ್ನೂ ಬಿಡಲ್ಲ." ಹಿಂದೆ ಢಂ ಢಂ ಎಂದು ವಾದ್ಯ. ಆಮೇಲೆ ಪರದೆಯ ಮೇಲಿನ ಕೆಂಪು ಅಕ್ಷರಗಳನ್ನು ನಾನು ಕೂಡಿಸಿ ಕೂಡಿಸಿ ಓದಿದೆ: ಬಾಚಣಿಗೆಯ ದಾದಿಯ ಬೆದರಿಕೆ ಕೇಳಿ!

ನಮ್ಮ ಭಾಷೆಯೇ ಹಾಗೆ. ಹಸುಗೂಸನ್ನು ಎತ್ತಿಕೊಂಡ ಅಜ್ಜಿಯೂ ನೋಡ್ಕೋತೀನಿ ಅನ್ನುತ್ತಾಳೆ, ತೋಳು ಮಡಚಿ ನಿಂತ ರೌಡಿಯೂ ನೋಡ್ಕೋತೀನಿ ಅನ್ನುತ್ತಾನೆ. ಹಿಂದುಮುಂದಿನ ಮಾತು ಕತ್ತರಿಸಿ ಎಸೆದರೆ ಅಜ್ಜಿ ಯಾರು, ರೌಡಿ ಯಾರು?

"ಎಲ್ಲಿ ಹೇಳಿದ್ದು ಇದನ್ನ?"

"ದರ್ಜಿಯ ಮನೇಲಿ. ಅವರಮ್ಮನಿಗೆ ಜ್ವರ ಏರಿತ್ತು. ಇಷ್ಟೊಂದು ಮನೆ ನೀನೊಬ್ಬಳೇ ಹೇಗಮ್ಮ ಅಂತ ಡಾಕ್ಟರ್ ಕೇಳಿದ್ರು. ಅದಕ್ಕೆ ಹೇಳಿದ್ದು. ದರ್ಜಿ ಫೋನಲ್ಲಿ ರೆಕಾರ್ಡ್ ಮಾಡ್ತಾ ನಿಂತಿದ್ರು, ಅಕ್ಕನಿಗೆ ಕಳಿಸ್ತೀನಿ ಅಂತ."

ಸಂಜೆಯೊಳಗೆ ಸುದ್ದಿ ಬಂತು. ಕೆಳಗಿನ ಬೀದಿಯವರು ದೂರು ಕೊಟ್ಟಿದ್ದಾರೆ. ಡಾಕ್ಟರ ಮಾತನ್ನೂ, ಅವರೂ ಆಸ್ಪತ್ರೆಯವರೇ ತಾನೆ ಎಂದು, ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಭಾನುವಾರ ಬೆಳಿಗ್ಗೆ ಚೌಕದಲ್ಲಿ ಆಸ್ಪತ್ರೆ ಸಮಿತಿಯ ಸಭೆ. ಜನ ಬೇಡ ಎಂದರೆ ಸೊಸೆಯನ್ನು ಕೆಲಸದಿಂದ ತೆಗೆಯುತ್ತಾರೆ. ಮೈಕು ನನ್ನದೇ.

ಸುದ್ದಿಯ ಬೆನ್ನಿಗೇ ಬಾಚಣಿಗೆ ಪಕ್ಷದ ಮುಂದಾಳು ಬಂದು ಜಗಲಿಯ ಮೇಲೆ ಕುಳಿತ. "ತಂಗೀ, ಹೆದರಬೇಡ. ಬಕೆಟ್‌ನವರ ಅಭ್ಯರ್ಥಿ ಮಾತಾಡಿದ್ದು ನಮ್ಮ ಹತ್ರಾನೂ ಇದೆ. ಸ್ವಲ್ಪ ಅಲ್ಲಿ ಇಲ್ಲಿ ಕತ್ತರಿಸಿದ್ರೆ ಸಾಕು, ಅವನೇ ಊರಿಗೆ ಬೆಂಕಿ ಇಡ್ತೀನಿ ಅಂದಂಗಾಗುತ್ತೆ. ಭಾನುವಾರ ಅಜ್ಜ ಅದನ್ನ ಹಾಕಲಿ."

"ಅವರು ಏನು ಹೇಳಿದ್ದು ನಿಜವಾಗಿ?" ಎಂದಳು ಸೊಸೆ.

"ಒಲೆಗೆ ಬೆಂಕಿ ಇಡೋಕೂ ಸೌದೆ ಇಲ್ಲದಂಗೆ ಮಾಡಿದಾರೆ ಅಂತ."

"ಹಾಗಾದ್ರೆ ಒಲೆ ಬಿಟ್ಟು ಬೆಂಕಿ ಮಾತ್ರ ತಂದಿದ್ದೀರಿ. ಬೇಡ ಅಣ್ಣ. ನನಗೆ ಮಾಡಿದ್ದನ್ನ ಇನ್ನೊಬ್ಬರಿಗೆ ಮಾಡಿ ನಾನು ಉಳ್ಕೋಬೇಕಾ?"

"ರಾಜಕೀಯ ನಿಂಗೆ ಗೊತ್ತಾಗಲ್ಲ ಬಿಡು."

"ಜ್ವರ ಗೊತ್ತಾಗುತ್ತೆ. ಏಳಿ, ಕತ್ತಲಾಗೋದರೊಳಗೆ ಇನ್ನೊಂದು ಸಲ ಬಾಗಿಲು ತಟ್ಟಿ ಬರ್ತೀನಿ."

ಆ ಸಲವೂ ಯಾರೂ ಬಾಗಿಲು ತೆಗೆಯಲಿಲ್ಲ.

ಮರುದಿನ ನಾನು ದರ್ಜಿಯ ಅಂಗಡಿಗೆ ಹೋದೆ. ನಾವಿಬ್ಬರೂ ಹಳೆಯ ಸ್ನೇಹಿತರು. ಬೀದಿಗಳು ಬೇರೆಯಾದ ಮೇಲೆ ಕಣ್ಣಲ್ಲೇ ನಮಸ್ಕಾರ ಮುಗಿಸುತ್ತಿದ್ದೆವು. ಅವನು ಬಕೆಟ್ ಪಕ್ಷದ ಬಾವುಟ ಹೊಲಿಯುತ್ತಿದ್ದ. ನನ್ನನ್ನು ಕಂಡವನೇ ಮೆಷಿನ್ನು ಜೋರಾಗಿ ತುಳಿದ. ನಾನು ಕುಳಿತೆ. ಎಷ್ಟು ತುಳಿದಾನು? ದಾರ ಮುಗಿಯಿತು.

"ನನ್ನ ಫೋನು ಕೆಟ್ಟಿದೆ," ಎಂದ, ನಾನು ಏನೂ ಕೇಳದಿದ್ದರೂ.

"ಹೌದಾ? ಮೇಜಿನ ಮೇಲೆ ಮಿಣುಮಿಣು ಅಂತಿರೋದು ಯಾರ್ದು?"

ಫೋನಿನ ಮೇಲೆ ಬಟ್ಟೆ ಎಳೆದ. ದನಿ ತಗ್ಗಿಸಿದ. "ಕತ್ತರಿಸಿದ್ದು ನಾನಲ್ಲ ಮಾರಾಯ. ಅಕ್ಕನ ಮನೆಯವರಿಗೆಲ್ಲ ಕಳಿಸಿದ್ದೆ, ಅಲ್ಲಿಂದ ಯಾರ ಕೈಗೆ ಹೋಯ್ತೋ. ಈಗ ಪೂರ್ತಿ ತೋರಿಸಿದ್ರೆ ನಮ್ಮ ಬೀದಿಯಲ್ಲಿ ನನ್ನನ್ನ ಬಿಡ್ತಾರಾ?"

"ಕತ್ತರಿ ಹಿಡಿಯೋನು ನೀನು. ಎಲ್ಲಿ ಕತ್ತರಿಸಬಾರದು ಅಂತ ನಿಂಗೆ ಹೇಳ್ಕೊಡಬೇಕಾ?"

ಒಳಗಿನಿಂದ ಗೋಡೆ ಹಿಡಿದುಕೊಂಡು ಅವನಮ್ಮ ಬಂದರು. ಕಿವಿ ಮಂದ; ಆದ್ದರಿಂದ ಊರಿನ ಗದ್ದಲ ಒಂದೂ ಅವರಿಗೆ ಮುಟ್ಟಿರಲಿಲ್ಲ.

"ಮೈಕಿನವನೇನೋ? ನಿನ್ನ ಸೊಸೆ ಎಲ್ಲೋ? ಎಷ್ಟು ಚೆನ್ನಾಗಿ ನೋಡ್ಕೊಂಡ್ಲು ನನ್ನ! ಈಗ್ಯಾಕೆ ಬರಲ್ಲ ಅಂತ ಇವನನ್ನ ಕೇಳಿದ್ರೆ ಬಾಯಲ್ಲಿ ಗುಂಡುಸೂಜಿ ಕಚ್ಕೊಂಡವನ ಹಾಗೆ ನಿಲ್ತಾನೆ."

ನಾನು ದರ್ಜಿಯ ಮುಖ ನೋಡಿದೆ. ಅವನು ಬಾವುಟ ನೋಡಿದ.

"ಭಾನುವಾರ ಚೌಕದಲ್ಲಿ ಸಭೆ," ಎಂದು ಎದ್ದೆ. "ಒಂದು ಹಾರನ್ನು ನಿಮ್ಮ ಕಡೆಗೆ, ಒಂದು ನಮ್ಮ ಕಡೆಗೆ ಕಟ್ತೀನಿ. ಮೊದಲಿನ ಹಾಗೆ."

ಹಾಗೆಯೇ ಕಟ್ಟಿದೆ. ನಾನು ಏಣಿ ಇಳಿಯುವ ಮೊದಲೇ ಎರಡು ಪಕ್ಷದವರೂ ಕೆಳಗೆ ನಿಂತು ಕೂಗಿದರು, ನಮ್ಮ ಕಡೆ ತಿರುಗಿಸು, ನಮ್ಮ ಕಡೆ ತಿರುಗಿಸು ಎಂದು. ಎಷ್ಟೋ ವರ್ಷಗಳ ಮೇಲೆ ಇಬ್ಬರ ಬಾಯಲ್ಲೂ ಒಂದೇ ಮಾತು! "ಇಳಿದ ಮೇಲೆ ನೋಡೋಣ," ಎಂದೆ. ಇಳಿದ ಮೇಲೆ ಏಣಿಯನ್ನು ಅಂಗಡಿಯೊಳಗಿಟ್ಟು ಬೀಗ ಹಾಕಿದೆ.

ಚೌಕ ತುಂಬಿತು. ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟು ಆಚೆ ಅವರು, ಈಚೆ ಇವರು. ಬಕೆಟ್ ಪಕ್ಷದ ಮುಂದಾಳು ಮೈಕಿಗೆ ಫೋನು ಹಿಡಿದ. ಢಂ ಢಂ. ನೋಡ್ಕೋತೀನಿ. ಒಬ್ಬರನ್ನೂ ಬಿಡಲ್ಲ. ಕೆಳಗಿನ ಬೀದಿ ಹೋ ಎಂದಿತು.

ಸಮಿತಿಯ ಅಧ್ಯಕ್ಷರು ಸೊಸೆಯನ್ನು ಕರೆದರು. "ಇದು ನಿಮ್ಮ ದನಿಯೇನಮ್ಮ?"

ನಮ್ಮ ಕಡೆಯವರು ಹಿಂದಿನಿಂದ "ಅಲ್ಲ ಅನ್ನು, ಅಲ್ಲ ಅನ್ನು" ಎಂದು ಪಿಸುಗುಟ್ಟುತ್ತಿದ್ದರು.

"ಹೌದು. ನಾನೇ ಹೇಳಿದ್ದು," ಎಂದಳು.

ಅವಳು ಮೈಕಿನ ಹತ್ತಿರ ಸರಿದಳು. "ಈಗಲೂ ಹೇಳ್ತೀನಿ. ನಿಮ್ಮನ್ನ ನಾನು ನೋಡ್ಕೋತೀನಿ. ಔಷಧಿ ಕೊಡದೆ ಒಬ್ಬರನ್ನೂ ಬಿಡಲ್ಲ. ನೀವು ನನ್ನನ್ನ ತೆಗೆದ್ರೂ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ, ಆದ್ರೆ ಮಕ್ಕಳ ಔಷಧಿ ನಿಲ್ಲಿಸಬೇಡಿ. ಅಷ್ಟೇ ನಾನು ಕೇಳೋದು."

"ನಾಟಕ! ನಾಟಕ!" ಎಂದು ಯಾರೋ ಕೂಗಿದರು.

"ನಾಟಕ ಅಲ್ಲ ಕಣ್ರೋ!"

ಖಾಲಿ ಬಿಟ್ಟಿದ್ದ ಆ ಜಾಗದಲ್ಲಿ ದರ್ಜಿ ಕೂಗುತ್ತ ಬರುತ್ತಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದು ತೋಳಿಗೆ ಜೋತುಬಿದ್ದ ಅಮ್ಮ. ಅವರ ನಡಿಗೆ ನಿಧಾನ. ಆದ್ದರಿಂದ ಎರಡೂ ಬೀದಿಯವರು ಅವನ ಮುಖವನ್ನು ಸಾವಕಾಶವಾಗಿ ನೋಡುವಂತಾಯಿತು. "ಎಲ್ಲೋ ಹೊರಟೆ, ಬಾವುಟ ಹೊಲಿಯೋದು ಬಿಟ್ಟು?" ಎಂದು ಅವನ ಪಕ್ಷದವನೇ ರೇಗಿಸಿದ. "ಬಾವುಟ ಹೊಲಿದಿದ್ದೀನಿ, ಬಾಯಿ ಹೊಲ್ಕೊಂಡಿಲ್ಲ," ಎಂದವನು ಮೈಕಿಗೆ ಫೋನು ಹಿಡಿದ.

ಈ ಸಲ ವಾದ್ಯವಿರಲಿಲ್ಲ. ಮೊದಲು ಮುದುಕಿಯ ಕೆಮ್ಮು. ಆಮೇಲೆ ಡಾಕ್ಟರ ದನಿ: "ಇಷ್ಟೊಂದು ಮನೆ, ನೀನೊಬ್ಬಳೇ ಹೇಗಮ್ಮ ಮಾಡ್ತೀಯ?" ಸೊಸೆಯ ದನಿ: "ನೀವು ಹೋಗಿ ಸಾರ್, ಆಸ್ಪತ್ರೇಲಿ ಜನ ಕಾಯ್ತಿದಾರೆ. ಕೆಳಗಿನ ಬೀದಿಯವರನ್ನ ನಾನು ನೋಡ್ಕೋತೀನಿ. ಒಬ್ಬರನ್ನೂ ಬಿಡಲ್ಲ. ಅಜ್ಜೀ, ಬಾಯಿ ತೆಗೀರಿ, ಕಹಿ ಇಲ್ಲ ಇದು." ಮುದುಕಿ: "ಥೂ, ಕಹಿ ಇಲ್ಲ ಅಂತ ಸುಳ್ಳು ಹೇಳ್ತೀಯಲ್ಲೇ!" ಕೊನೆಗೆ ದರ್ಜಿಯದೇ ದನಿ: "ಕೇಳಿಸ್ಕೊಂಡ್ಯಾ ಅಕ್ಕ? ಅಮ್ಮಂಗೆ ಏನೂ ಆಗಲ್ಲ."

ನನ್ನ ಎರಡು ಹಾರನ್ನುಗಳೂ ಅದನ್ನು ಎರಡೂ ಬೀದಿಯ ಕೊನೆಯ ಮನೆಯವರೆಗೆ ಒಯ್ದವು. ಬಾಗಿಲು ಹಾಕಿಕೊಂಡು ಒಳಗಿದ್ದವರೂ ಕೇಳಿದರು. ಮೊದಲು ನಕ್ಕದ್ದು ಕೆಳಗಿನ ಬೀದಿಯ ಹೆಂಗಸೊಬ್ಬಳು, ಕಹಿ ಔಷಧಿಯ ಮಾತಿಗೆ. ಆ ನಗು ನಡುವಿನ ಜಾಗ ದಾಟಿ ಈ ಕಡೆಗೂ ಹತ್ತಿಕೊಂಡಿತು.

ದರ್ಜಿಯ ಅಮ್ಮ ಮೈಕು ಕಿತ್ತುಕೊಂಡರು. ತಮಗೇ ಕೇಳಿಸಲಿ ಎಂದು ಅವರು ಕೂಗಿದ ಕೂಗಿಗೆ ನನ್ನ ಪೆಟ್ಟಿಗೆ ಕೀಂ ಎಂದಿತು. "ಈ ಹುಡುಗಿ ಹೇಳಿದ ಸುಳ್ಳು ಅದೊಂದೇ ಕಣ್ರೋ! ಔಷಧಿ ಕಹಿಯೇ!"

ಅಧ್ಯಕ್ಷರು ಕೇಳಿದರು, "ಇವರು ಬೇಡ ಅನ್ನೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಬಕೆಟ್ ಮುಂದಾಳು ಮಾತ್ರ ತಲೆ ಕೆರೆದುಕೊಳ್ಳಲು ಕೈ ಎತ್ತಿದವನು ಎಲ್ಲರೂ ತಿರುಗಿ ನೋಡಿದ್ದಕ್ಕೆ ಗಕ್ಕನೆ ಇಳಿಸಿಕೊಂಡ. "ಬಾಚಣಿಗೆ ಬೇಕಾ?" ಎಂದು ನಮ್ಮವನೊಬ್ಬ ಕೂಗಿದ. ಅವನೂ ನಕ್ಕುಬಿಟ್ಟ.

ಕೆಳಗಿನ ಬೀದಿಯ ಆ ಹೆಂಗಸು ಮುಂದೆ ಬಂದು ಸೊಸೆಯ ಭುಜದಿಂದ ಚೀಲ ತೆಗೆದು ತಾನು ಹಾಕಿಕೊಂಡಳು. "ನಡಿಯಮ್ಮ, ನಮ್ಮ ಮನೆಯಿಂದಲೇ ಶುರು ಮಾಡು. ಇನ್ಮೇಲೆ ನಿನ್ನನ್ನ ನಾವು ನೋಡ್ಕೋತೀವಿ!"

"ನಾವೂ ನೋಡ್ಕೋತೀವಿ!" ಎಂದಿತು ಮೇಲಿನ ಬೀದಿ. ಅದೇ ಮಾತು, ನನ್ನದೇ ಹಾರನ್ನು. ಚೌಕ ಗುಡುಗಿದ ಹಾಗಾಯಿತು. ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅವರ ಜೊತೆ ಹೊರಟಳು. ಸಂಜೆ ಖಾಲಿ ಚೀಲ ತಂದು ಗೂಟಕ್ಕೆ ನೇತುಹಾಕಿದಳು.

ಚುನಾವಣೆ ಆಯಿತು, ಒಬ್ಬರು ಗೆದ್ದರು, ಒಬ್ಬರು ಸೋತರು. ಜಗಳ ಈಗಲೂ ಇದೆ, ಇರಬೇಕಾದ್ದೇ. ಆದರೆ ಯಾರಾದರೂ ಫೋನು ಚಾಚಿ ಕೇಳಿಲ್ಲಿ ಎಂದರೆ, ಎರಡೂ ಬೀದಿಯಲ್ಲಿ ಜನ ಮೊದಲು "ಪೂರ್ತಿ ಇದೆಯಾ?" ಎನ್ನುತ್ತಾರೆ. ದರ್ಜಿ ಈಗ ದಿನವೂ ಸಂಜೆ ನಮ್ಮ ಜಗಲಿಗೆ ಬರುತ್ತಾನೆ. ಬಾವುಟ ಹೊಲಿಯುವುದನ್ನು ಬಿಟ್ಟಿಲ್ಲ, ನಾನು ಬಿಡು ಎಂದೂ ಇಲ್ಲ.

ಮೊನ್ನೆ ಬಾಚಣಿಗೆ ಪಕ್ಷದ ಮುಂದಾಳು ಸಭೆಗೆ ಮೈಕು ಹೇಳಲು ಬಂದ. "ಅಜ್ಜ, ಎರಡು ಹಾರನ್ನೂ ನಮ್ಮ ಕಡೆಗೆ ತಿರುಗಲಿ," ಎಂದ.

"ತಿರುಗಲ್ಲ."

"ಯಾಕೆ, ತುಕ್ಕು ಹಿಡಿದಿದೆಯಾ?"

"ಇಲ್ಲ. ತಿರುಗಿಸಲ್ಲ," ಎಂದೆ.