ಅಡುಗೆಯವಳ ಬೆನ್ನು

ಡಬ್ಬಿಂಗ್ ಚಿತ್ರಕ್ಕೆ ಮಾತು ಬರೆಯುವ ಕೆಲಸ ಅಕ್ಕನಿಗೆ ಸಿಕ್ಕಿದ್ದು ಬರೀ ಬಾಯಿಯ ಬಲದಿಂದ. ನಾಲ್ಕು ಮಕ್ಕಳು ರಜೆ ಬಂತೆಂದರೆ ಗುಹೆ ಹುಡುಕಿ ಕಳ್ಳರನ್ನು ಹಿಡಿಯುವ ಆ ಹನ್ನೆರಡು ಪುಸ್ತಕಗಳು ತನಗೆ ಬಾಯಿಪಾಠ ಎಂದು ಡಬ್ಬಿಂಗ್ ನಿರ್ದೇಶಕರ ಮುಂದೆ ಎದೆ ತಟ್ಟಿಕೊಂಡಿದ್ದಳು. ಐದನೇ ಪುಸ್ತಕವನ್ನು ಮನೆಮಂದಿಯೆಲ್ಲ ಕೂತು ನೋಡುವಂಥ ಸಿನಿಮಾ ಮಾಡಿದ್ದರು. ಅದನ್ನು ನಮ್ಮ ಭಾಷೆಗೆ ತರಬೇಕಿತ್ತು. ಅವಳಿಗೆ ಇದು ಮೊದಲ ಕೆಲಸ.

ಮೊದಲ ದಿನವೇ ಚಿತ್ರ ನೋಡಿ ಅಕ್ಕ ಕೆಂಡವಾದಳು. ಮಾತು ಬರೆಯುವ ಬದಲು ನಾಲ್ಕು ಪುಟದ ಆಕ್ಷೇಪಣೆ ಬರೆದು ನಿರ್ದೇಶಕರ ಮೇಜಿನ ಮೇಲಿಟ್ಟಳು. ಅಡುಗೆಯವಳು ಒಲೆ ಹಚ್ಚಲು ಒಪ್ಪದೆ ಕುರ್ಚಿ ಎಳೆದುಕೊಂಡು ಕೂರುವುದೇ ಐದನೇ ಪುಸ್ತಕದ ಜೀವಾಳ. ಅದನ್ನೇ ಕತ್ತರಿಸಿದ್ದಾರೆ, ದುಡಿಯುವವಳ ಬಾಯಿ ಹೊಲಿದಿದ್ದಾರೆ ಎಂಬುದು ಅದರ ಸಾರಾಂಶ. ನಿರ್ದೇಶಕರು ತಾಳ್ಮೆಯ ಮನುಷ್ಯ. ನಾಳೆ ಹನ್ನೊಂದಕ್ಕೆ ಪುಟಸಂಖ್ಯೆ ತೋರಿಸು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರಂತೆ.

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕಪಾಟಿಗೆ ಕೈ ಹಾಕಿದಳು. ನಮ್ಮ ಭಾಷೆಗೆ ಅನುವಾದವಾಗಿದ್ದ ಆ ಪುಸ್ತಕಗಳೆಲ್ಲ ಅಮ್ಮ ಹಿಂದೆ ಅಡುಗೆ ಮಾಡುತ್ತಿದ್ದ ದೊಡ್ಡ ಮನೆಯ ಮಕ್ಕಳು ಓದಿ ಬಿಸಾಡಿದವು. ಅಮ್ಮ ಒಂದೊಂದಾಗಿ ತಂದು, ಸಂಜೆ ಕೆಲಸದಿಂದ ಬಂದ ಮೇಲೆ ಕಾಲು ಚಾಚಿಕೊಂಡು ನಮಗಿಬ್ಬರಿಗೂ ಓದಿ ಹೇಳುತ್ತಿದ್ದಳು. ಅಕ್ಕ ಐದನೆಯದನ್ನು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ತಿರುವಿದಳು. ಅಡುಗೆಯವಳು ಬುಟ್ಟಿಗೆ ತಿಂಡಿ ತುಂಬುತ್ತಿದ್ದಳು, ಬಾಗಿಲಲ್ಲಿ ನಿಲ್ಲುತ್ತಿದ್ದಳು, ಅಷ್ಟೆ. ಹಾಳೆ ಹರಿದಿರಬೇಕೆಂದು ನನ್ನ ಮೇಲೆ ಗುಮಾನಿ ಬಂತು. ಪುಟಗಳನ್ನು ಎಣಿಸಿದೆವು, ಒಂದೂ ತಪ್ಪಿರಲಿಲ್ಲ. ಹತ್ತು ಸಲ ಓದಿದ್ದೇನೆ ಎನ್ನುತ್ತಿದ್ದವಳು ಹತ್ತು ಸಲ ಕೇಳಿದ್ದಳೇ ಹೊರತು ಒಂದು ಸಲವೂ ಓದಿರಲಿಲ್ಲ ಎಂಬುದು ಆಗ ಬಯಲಾಯಿತು. ನಾನೂ ಓದಿರಲಿಲ್ಲ. ಆದರೆ ನಾನು ಎಲ್ಲೂ ಎದೆ ತಟ್ಟಿಕೊಂಡಿರಲಿಲ್ಲ.

ಬಟಾಣಿ ಬಿಡಿಸುತ್ತಿದ್ದ ಅಮ್ಮ ತಲೆಯನ್ನೇ ಎತ್ತಲಿಲ್ಲ.

"ಅದು ಪುಸ್ತಕದಲ್ಲಿ ಎಲ್ಲಿರುತ್ತೆ? ನಾನು ಸೇರಿಸಿದ್ದು."

ಅಕ್ಕ ಪುಸ್ತಕ ಹಿಡಿದುಕೊಂಡೇ ಅಮ್ಮನ ಎದುರು ಕೂತಳು. "ಯಾಕಮ್ಮ?"

"ನಾಲ್ಕು ಪುಸ್ತಕ ಓದಿದೆ. ಆ ಹೆಂಗಸು ಒಂದು ಸಲಾನೂ ಕೂತ್ಕೊಳ್ಳಲಿಲ್ಲ ಕಣೇ. ಓದ್ತಾ ಓದ್ತಾ ನನ್ನ ಕಾಲೇ ನೋಯೋಕೆ ಶುರುವಾಯ್ತು. ಐದನೇದ್ರಲ್ಲಿ ಕೂರಿಸಿಬಿಟ್ಟೆ."

ಅಕ್ಕ ತಕ್ಷಣ ಆ ಪುಸ್ತಕಗಳನ್ನು ಬರೆದವರ ಮೇಲ್ವರ್ಗದ ಬುದ್ಧಿಯ ಮೇಲೆ ಭಾಷಣ ಶುರುಮಾಡಿದಳು. ಬಾಯಿ ಆಡುವಾಗ ಕೈಯೂ ಆಡಲಿ ಎಂದು ಅಮ್ಮ ಬಟಾಣಿಯ ಮೊರವನ್ನು ಅವಳತ್ತ ತಳ್ಳಿದಳು.

ಮರುದಿನ ಅಮ್ಮನೂ ಹೊರಟಳು, ತಪ್ಪು ತನ್ನದು, ತಾನೇ ಒಪ್ಪಿಕೊಳ್ಳುತ್ತೇನೆಂದು. ತಮಾಷೆ ತಪ್ಪಿಹೋದೀತೆಂದು ನಾನೂ ಹೊರಟೆ. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಪುಟ್ಟ ಕೋಣೆ, ಒಂದು ಪರದೆ, ಒಂದು ಮೈಕು. ಅಮ್ಮ ನಡೆದದ್ದನ್ನೆಲ್ಲ ಹೇಳಿದಳು. ನಿರ್ದೇಶಕರು ಅಕ್ಕನತ್ತ ನೋಡಿದ ರೀತಿಗೇ ಅವಳು ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದಳು. ಅಷ್ಟರಲ್ಲಿ ಪರದೆಯ ಮೇಲೆ ಅಡುಗೆಮನೆ ಮೂಡಿತು. ಮಕ್ಕಳು ಮೇಜಿನ ಸುತ್ತ ತಿನ್ನುತ್ತಾ ಗುಹೆಯ ಮಾತಾಡುತ್ತಿದ್ದರು. ಅಡುಗೆಯವಳು ನಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಅವಳು ತೊಳೆಯುತ್ತಿಲ್ಲ, ಪಾತ್ರೆಗೆ ನೀರು ತೋರಿಸುತ್ತಿದ್ದಾಳೆ ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅಕ್ಕನ ಕಣ್ಣು ಆ ಬೆನ್ನಿನ ಮೇಲೆ ನೆಟ್ಟಿತ್ತು. ಡಬ್ಬಿಂಗಿನಲ್ಲಿ ತುಟಿ ಕಾಣುವವರಿಗೆ ತುಟಿಗೆ ಹೊಂದುವ ಮಾತನ್ನೇ ಬರೆಯಬೇಕು. ಬೆನ್ನು ಹಾಕಿದವರಿಗೆ ಆ ಕಟ್ಟಿಲ್ಲ.

"ಸರ್, ಇವಳ ಬಾಯಿ ಕಾಣಲ್ಲ. ಮಾತು ಕೊಡಬಹುದು."

ಮೂರು ಸೆಕೆಂಡ್ ಜಾಗವಿದೆ, ಮುಷ್ಕರ ಗಿಷ್ಕರ ಬೇಡ, ಬೇಕಾದರೆ 'ಹುಷಾರು ಮಕ್ಕಳೇ' ಅಂತ ಹಾಕು ಎಂದರು ನಿರ್ದೇಶಕರು. ಹಿಂದಿನ ದಿನವಾಗಿದ್ದರೆ ಅಕ್ಕ ಇನ್ನೂ ನಾಲ್ಕು ಪುಟ ಬರೆಯುತ್ತಿದ್ದಳು. ಈಗ ಅಮ್ಮನ ಕಡೆ ತಿರುಗಿ, ನೀನಾಗಿದ್ದರೆ ಏನಂತಿದ್ದೆ ಎಂದು ಕೇಳಿದಳು. ಬೇಗ ಮುಗಿದರೆ ಸಾಕೆಂದೋ ಏನೋ, ನಿರ್ದೇಶಕರು ಅಮ್ಮನನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಪರದೆಯ ಮೇಲೆ ಮತ್ತೆ ಆ ಬೆನ್ನು ಬಂತು.

"ತಿಂದ ತಟ್ಟೆ ಎತ್ತಿಟ್ಟು ಹೋಗಿ."

ದನಿ ಏರಿಸಲೂ ಇಲ್ಲ. ಪರದೆಯ ಮೇಲೆ ಆ ನಾಲ್ವರು ವೀರರು ತಟ್ಟೆಗಳನ್ನು ಇದ್ದಲ್ಲೇ ಬಿಟ್ಟು ಗುಹೆಯತ್ತ ಓಡಿದರು. ಮೊದಲೂ ಹಾಗೇ ಓಡಿದ್ದರು. ಆಗ ತಟ್ಟೆಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಿರ್ದೇಶಕರು ಇನ್ನೊಮ್ಮೆ ಹಾಕಿ ನೋಡಿದರು. "ಅಲ್ಲಮ್ಮ, ಈಗ ನಮ್ಮ ಹೀರೋಗಳು ಸೋಂಬೇರಿಗಳ ಥರ ಕಾಣ್ತಾರಲ್ಲ?"

"ಅದಕ್ಕೆ ನಾನೇನ್ ಮಾಡ್ಲಿ ಸ್ವಾಮಿ? ಎದ್ದು ಹೋದೋರು ಅವ್ರು."

ಮೂರನೆಯ ಸಲ ಹಾಕಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಆ ಮಾತು ಹಾಗೇ ಇರಲಿ ಎಂದರು. ಆಕ್ಷೇಪಣೆಯ ನಾಲ್ಕು ಪುಟಗಳನ್ನು ಅಕ್ಕನ ಕೈಗೆ ವಾಪಸ್ ಕೊಟ್ಟು, ಹಿಂಬದಿ ಖಾಲಿ ಇದೆ, ಉಳಿದ ಮಾತನ್ನು ಅದರಲ್ಲೇ ಬರಿ ಎಂದರು.

"ನಾಳೆ ಒಂಬತ್ತಕ್ಕೆ ಬಂದ್ಬಿಡು. ಅಮ್ಮನ್ನ ಮಾತ್ರ ಕರ್ಕೊಂಡು ಬರಬೇಡ. ಈ ಚಿತ್ರದಲ್ಲಿ ಇನ್ನೂ ಆರು ಊಟ ಇದೆ."